ಎಣ್ಣೆ ಹಾಕುವ ಮೊದಲು ಅಳೆದು ನೋಡಿ: ಮನೆ, ತೋಟದ ಮಷೀನ್‌ಗಳಲ್ಲಿ ಘರ್ಷಣೆ ಎಷ್ಟು ತಿಂತದೆ, ಅದನ್ನು ಕಮ್ಮಿ ಮಾಡುದು ಹೇಗೆ

ನಮ್ಮ ಉಡುಪಿ ಕಡೆ ಯಾವ ಮಷೀನ್ ಕಿರ್ ಕಿರ್ ಅಂದ್ರೂ ಎಲ್ಲರದ್ದೂ ಒಂದೇ ಉತ್ತರ, "ಸ್ವಲ್ಪ ಎಣ್ಣೆ ಬಿಡಿ ಮಾರಾಯ್ರೆ, ಸರಿ ಆಗ್ತದೆ". ಎಷ್ಟೋ ಸಲ ಸರಿ ಆಗ್ತದೆ ಕೂಡ. ಆದ್ರೆ ಶಬ್ದ ನಿಂತದ್ದು ಬೇರೆ, ಶಕ್ತಿ ಉಳಿದದ್ದು ಬೇರೆ. ಶಬ್ದ ಮಾಡದೆ ದಿನಾ ಕರೆಂಟು ತಿನ್ನುವ ಜಾಗ ಮನೆಯಲ್ಲಿ ಎಷ್ಟೋ ಉಂಟು, ಅದನ್ನು ಕಿವಿಯಿಂದ ಹಿಡಿಲಿಕ್ಕೆ ಆಗುದಿಲ್ಲ, ಅಳೆದೇ ನೋಡ್ಬೇಕು. ಅಳಿಲಿಕ್ಕೆ ದೊಡ್ಡ ಲ್ಯಾಬ್ ಎಂತದೂ ಬೇಡ, ಒಂದು ಹುಕ್ಕಿನ ತಕ್ಕಡಿ, ಮೊಬೈಲಿನ ಸ್ಟಾಪ್‌ವಾಚ್, ಒಂದು ಡ್ರಮ್ ಇದ್ರೆ ಧಾರಾಳ.

ಮೊದಲು ಒಂದೇ ಒಂದು ಲೆಕ್ಕ. ದಕ್ಷತೆ ಅಂದ್ರೆ ಮಷೀನಿಂದ ನಮಗೆ ಸಿಕ್ಕಿದ ಕೆಲಸವನ್ನು ನಾವು ಅದಕ್ಕೆ ಕೊಟ್ಟ ಕೆಲಸದಿಂದ ಭಾಗಿಸಿ 100ರಿಂದ ಗುಣಿಸಿದ್ದು. ನೂರು ಕೊಟ್ಟು ಎಂಬತ್ತು ಸಿಕ್ಕಿದ್ರೆ 80 ಪರ್ಸೆಂಟ್. ಉಳಿದ ಇಪ್ಪತ್ತು ಎಲ್ಲಿಗೂ ಮಾಯ ಆಗಿಲ್ಲ, ಹೆಚ್ಚಿನ ಪಾಲು ಬಿಸಿ ಆಗಿ ಹೋಯ್ತು, ಸ್ವಲ್ಪ ಶಬ್ದ, ಸ್ವಲ್ಪ ಸವೆತ. 2017ರಲ್ಲಿ ಹೋಲ್ಮ್‌ಬರ್ಗ್ ಮತ್ತು ಎರ್ಡೆಮಿರ್ ಎಂಬ ಇಬ್ಬರು ಸಂಶೋಧಕರು ಲೆಕ್ಕ ಹಾಕಿದ ಪ್ರಕಾರ ಇಡೀ ಜಗತ್ತು ಬಳಸುವ ಶಕ್ತಿಯಲ್ಲಿ ಸುಮಾರು 20 ಪರ್ಸೆಂಟ್ ಬರೀ ಘರ್ಷಣೆಯನ್ನು ಗೆಲ್ಲಲಿಕ್ಕೇ ಹೋಗ್ತದೆ, ಸವೆದ ಪಾರ್ಟ್ಸ್ ಮತ್ತೆ ಮಾಡ್ಲಿಕ್ಕೆ ಇನ್ನೊಂದು 3 ಪರ್ಸೆಂಟ್. ನಮ್ಮ ಬಾವಿಯ ರಾಟೆ, ತೋಟದ ಪಂಪು ಎಲ್ಲ ಅದರೊಳಗೇ ಬಂತು.

ಶುರು ರಾಟೆಯಿಂದಲೇ ಮಾಡುವಾ

ಯಾಕೆ ರಾಟೆ ಅಂದ್ರೆ ಅದರಲ್ಲಿ ಮೋಟಾರ್ ಇಲ್ಲ, ಬೇರೆ ಗೊಂದಲ ಇಲ್ಲ, ಘರ್ಷಣೆ ಎಷ್ಟು ಅಂತ ನೇರ ಕಣ್ಣಿಗೆ ಕಾಣ್ತದೆ. ಒಮ್ಮೆ ರಾಟೆಯಲ್ಲಿ ಅಳೆದವರಿಗೆ ಮುಂದಿನ ಎಲ್ಲ ಮಷೀನೂ ಸುಲಭ.

ತಕ್ಕಡಿ ಆದಷ್ಟು ಮುಳ್ಳು ಇರುವ ಸ್ಪ್ರಿಂಗ್ ತಕ್ಕಡಿಯೇ ತಗೊಳ್ಳಿ. ಲಗೇಜ್ ತೂಗುವ ಡಿಜಿಟಲ್ ತಕ್ಕಡಿಯೂ ಆಗ್ತದೆ, ಆದ್ರೆ ಅವುಗಳಲ್ಲಿ ಹೆಚ್ಚಿನವು ನಂಬರ್ ಒಮ್ಮೆ ನಿಂತ ಕೂಡಲೇ ಲಾಕ್ ಆಗಿ ಬಿಡ್ತವೆ, ನಮಗೆ ಎಳೆಯುವಾಗ ಓಡುವ ನಂಬರ್ ಬೇಕು. ಕೊಡಪಾನಕ್ಕೆ ಅಳತೆ ಮಾಡಿ 10 ಲೀಟರ್ ನೀರು ಹಾಕಿ, ಬಾಯಿಗೆ ಒಂದು ಬಟ್ಟೆ ಕಟ್ಟಿ (ನೀರು ಚೆಲ್ಲಿದ್ರೆ ಲೆಕ್ಕ ಹೋಯ್ತು), ಮೊದಲು ತಕ್ಕಡಿಗೇ ನೇತು ಹಾಕಿ ತೂಕ ಬರ್ದಿಟ್ಕೊಳ್ಳಿ. ಕೊಡಪಾನ ಸೇರಿ 11 ಕೆಜಿ ಬಂತು ಅಂತ ಇಟ್ಕೊಳ್ಳುವಾ.

ಈಗ ಕೊಡಪಾನವನ್ನು ಬಾವಿಗೆ ಇಳಿಸುದು ಬೇಡ, ರಾಟೆಯಿಂದ ಒಂದು ಮೀಟರ್ ಕೆಳಗೆ ಮಾತ್ರ ನೇತಾಡ್ಲಿ, ನಿಮ್ಮ ಕೈಯ ಕಡೆಯ ಹಗ್ಗವೂ ಅಷ್ಟೇ ಉದ್ದ ಇರ್ಲಿ. ಎಂತಕ್ಕೆ ಅಂದ್ರೆ ಕೊಡಪಾನ ಆಳಕ್ಕೆ ಇಳಿದ್ರೆ ಒಂದು ಕಡೆ ಹಗ್ಗದ ತೂಕವೇ ಜಾಸ್ತಿ ಆಗಿ ಅದು ಘರ್ಷಣೆಯ ಲೆಕ್ಕಕ್ಕೆ ಸೇರ್ಕೊಳ್ತದೆ, ನೀರಿಗೆ ಮುಟ್ಟಿದ್ರೆ ನೀರೇ ಎತ್ತಿ ಹಿಡಿತದೆ. ಹಗ್ಗದ ತುದಿಗೆ ತಕ್ಕಡಿಯ ಹುಕ್ಕು ಸಿಕ್ಕಿಸಿ, ತಕ್ಕಡಿಯ ಹಿಡಿ ಹಿಡಿದು ನಿಧಾನಕ್ಕೆ, ಒಂದೇ ಸ್ಪೀಡಲ್ಲಿ ಎಳಿರಿ. ಶುರುವಿಗೆ ಮುಳ್ಳು ಒಮ್ಮೆ ಮೇಲೆ ಹಾರ್ತದೆ, ಅದು ನಿಂತ ವಸ್ತುವನ್ನು ಕದಲಿಸುವ ಘರ್ಷಣೆ, ಅದನ್ನು ಬಿಡಿ, ಓಡ್ತಾ ಇರುವಾಗ ಎಷ್ಟು ತೋರಿಸ್ತದೆ ಅದು ಬರ್ಕೊಳ್ಳಿ. ಮತ್ತೆ ಅಷ್ಟೇ ನಿಧಾನಕ್ಕೆ ಇಳಿಸಿ, ಇಳಿಯುವಾಗಿನ ನಂಬರ್ ಬರ್ಕೊಳ್ಳಿ. ಒಬ್ಬರೇ ಮಾಡ್ಲಿಕ್ಕೆ ಹೋಗ್ಬೇಡಿ, ಒಬ್ಬರು ಎಳಿಲಿ, ಇನ್ನೊಬ್ಬರು ಓದ್ಲಿ, ಬಾವಿಕಟ್ಟೆಯಲ್ಲಿ ಮುಳ್ಳು ನೋಡ್ತಾ ಬಗ್ಗುದು ಅಪಾಯ.

ತುಕ್ಕು ಹಿಡಿದ ಸಣ್ಣ ರಾಟೆ ಆದ್ರೆ ಎಳೆಯುವಾಗ 13.4, ಇಳಿಸುವಾಗ 9 ಹತ್ತಿರ ಬರ್ಬಹುದು. 11ನ್ನು 13.4ರಿಂದ ಭಾಗಿಸಿ, 82 ಪರ್ಸೆಂಟ್ ಆಯ್ತು. ಇಳಿಸುವಾಗ ಕಮ್ಮಿ ಯಾಕೆ ಬಂತು ಅಂದ್ರೆ ಘರ್ಷಣೆ ಯಾವಾಗಲೂ ಚಲನೆಗೆ ಎದುರು, ಎತ್ತುವಾಗ ನಿಮಗೆ ಎದುರು ನಿಲ್ತದೆ, ಇಳಿಸುವಾಗ ನಿಮ್ಮ ಕಡೆ ಸೇರಿ ಕೊಡಪಾನವನ್ನು ಹಿಡಿತದೆ. ಹಾಗಾಗಿ ಎರಡು ನಂಬರಿನ ವ್ಯತ್ಯಾಸದ ಅರ್ಧ ಹೆಚ್ಚುಕಮ್ಮಿ ಘರ್ಷಣೆ, ಇಲ್ಲಿ 2.2 ಕೆಜಿ. ನಿಮ್ಮ ಮನೆ ಬಾವಿ 12 ಮೀಟರ್ ಆಳ ಇದ್ರೆ ಪ್ರತಿ ಕೊಡಪಾನಕ್ಕೂ ಈ 2 ಕೆಜಿಯನ್ನು ನಿಮ್ಮ ಭುಜ ಪುಕ್ಕಟೆ ಎಳಿತಾ ಉಂಟು.

ರಾಟೆ ಬಿಚ್ಚುವಾಗ ಎಂತ ನೋಡ್ಬೇಕು

ರಾಟೆ ಕೆಳಗಿಳಿಸಿ ಪಿನ್ನು ಹೊರಗೆ ತೆಗಿರಿ. ಪಿನ್ನಿನ ಮೇಲಿನ ಮೈಯನ್ನು ಉಗುರಿಂದ ಸವರಿ ನೋಡಿ, ಒಂದು ತೋಡು ಬಿದ್ದ ಹಾಗೆ ಆಗಿರ್ತದೆ, ಕೆಳಗಿನ ಮೈ ಹೊಸತರ ಹಾಗೇ ಇರ್ತದೆ. ಚಕ್ರ ಪಿನ್ನಿನ ಮೇಲೆ ನೇತಾಡುದಲ್ವಾ, ಭಾರ ಎಲ್ಲ ಮೇಲಿನ ಮೈಗೆ. ತೋಡು ಜಾಸ್ತಿ ಆಳ ಆಗದಿದ್ರೆ ಪಿನ್ನನ್ನು ಅರ್ಧ ಸುತ್ತು ತಿರುಗಿಸಿ ವಾಪಸ್ ಹಾಕಿ, ಹೊಸ ಮೈ ಸಿಕ್ತದೆ, ಖರ್ಚಿಲ್ಲ. ಚಕ್ರದ ತೂತು ಮೊಟ್ಟೆ ಶೇಪಿಗೆ ಸವೆದಿದ್ರೆ ಮಾತ್ರ ಲೇತಿಗೆ ಕೊಟ್ಟು ಹಿತ್ತಾಳೆ ಬುಶ್ (ಪಿನ್ನಿನ ಸುತ್ತ ಕೂರುವ ಬಳೆ) ಹಾಕಿಸ್ಬೇಕು.

ತುಕ್ಕನ್ನು ಸೀಮೆಎಣ್ಣೆ ಮತ್ತು ತಂತಿ ಬ್ರಶ್ಶಲ್ಲಿ ತೆಗೆದು, ಪಿನ್ನಿಗೆ ನಯ ಎಮೆರಿ ಪೇಪರ್ ಹೊಡೆದು, ಸೀಮೆಎಣ್ಣೆಯ ವಾಸನೆ ಹೋಗುವಷ್ಟು ಒರೆಸಿ ಒಣಗಿಸಿ. ಚಕ್ರದ ಬದಿ ಫ್ರೇಮಿಗೆ ಉಜ್ಜಿದ ಹೊಳಪು ಗುರುತು ಉಂಟಾ ನೋಡಿ, ಇದ್ರೆ ಎರಡೂ ಕಡೆ ಒಂದೊಂದು ವಾಷರ್ ಹಾಕಿ. ಇಲ್ಲಿ ಎಲ್ಲರೂ ಪಿನ್ನನ್ನೇ ನೋಡ್ತಾರೆ, ಬದಿ ಉಜ್ಜುದು ಲೆಕ್ಕಕ್ಕೇ ಬರುದಿಲ್ಲ.

ಮತ್ತೆ ಎಣ್ಣೆ. ಇದು ಕುಡಿಯುವ ನೀರಿನ ಬಾವಿ, ದಯವಿಟ್ಟು ಗ್ಯಾರೇಜಿನ ಹಳೇ ಎಂಜಿನ್ ಆಯಿಲ್ ಹಾಕ್ಲೇಬೇಡಿ, ಅದರಲ್ಲಿ ಲೋಹದ ಪುಡಿ, ಆಸಿಡ್ ಎಲ್ಲ ಇರ್ತದೆ, ಹನಿ ಬಿದ್ದದ್ದು ಸೀದಾ ಮಕ್ಕಳ ಹೊಟ್ಟೆಗೆ. ಬಾವಿಯ ಮೇಲೆ ನಾನು ತೆಂಗಿನೆಣ್ಣೆಯನ್ನೇ ಒಪ್ಪುದು, ಬೇಗ ಬೇಗ ಹಾಕ್ಬೇಕಾಗ್ತದೆ, 24 ಡಿಗ್ರಿಗಿಂತ ಕೆಳಗೆ ಹೋದ್ರೆ ಗಟ್ಟಿ ಆಗ್ತದೆ, ಆದ್ರೆ ನೀರಿಗೆ ಬಿದ್ರೂ ಹೆದರಿಕೆ ಇಲ್ಲ. ಸೂರ್ಯಕಾಂತಿ ಎಣ್ಣೆ ಬೇಡ, ಗಾಳಿಗೆ ಅಂಟು ಅಂಟಾಗಿ ಕೊನೆಗೆ ಅದೇ ಬ್ರೇಕ್ ಆಗ್ತದೆ. ಬಜೆಟ್ ಇದ್ರೆ ಮುಚ್ಚಿದ ಬಾಲ್ ಬೇರಿಂಗ್ ಇರುವ ರಾಟೆ ತಗೊಳ್ಳಿ, ಅದಕ್ಕೆ ಎಣ್ಣೆಯೇ ಬೇಡ.

ಕ್ಲೀನ್ ಮಾಡಿ ಮತ್ತೆ ಅಳಿರಿ. 13.4 ಇದ್ದದ್ದು 11.8ಕ್ಕೆ ಬಂದ್ರೆ ದಕ್ಷತೆ 93 ಪರ್ಸೆಂಟ್.

ಹೊಸ ರಾಟೆ ತಗೊಳ್ಳುವವರಿಗೆ ಒಂದು ಲೆಕ್ಕ ಹೇಳ್ತೇನೆ, ಅಂಗಡಿಯಲ್ಲಿ ಯಾರೂ ಹೇಳುದಿಲ್ಲ. ಪಿನ್ನಿನ ಘರ್ಷಣೆಗೆ ನೀವು ಹೆಚ್ಚುವರಿ ಎಳೆಯುವ ಪಾಲು ಹತ್ತಿರ ಹತ್ತಿರ ಎರಡು ಗುಣಿಸು ಘರ್ಷಣಾ ಗುಣಾಂಕ (ಒತ್ತುವ ಭಾರದಲ್ಲಿ ಎಷ್ಟು ಪಾಲು ಘರ್ಷಣೆ ಆಗ್ತದೆ ಎಂಬ ನಂಬರ್) ಗುಣಿಸು ಪಿನ್ನಿನ ವ್ಯಾಸ ಭಾಗಿಸು ರಾಟೆಯ ವ್ಯಾಸ. ಪಿನ್ನು 16 ಮಿಲಿ, ರಾಟೆ 100 ಮಿಲಿ, ತುಕ್ಕು ಹಿಡಿದು ಗುಣಾಂಕ 0.5 ಆಗಿದ್ರೆ 16 ಪರ್ಸೆಂಟ್ ಜಾಸ್ತಿ. ಎಣ್ಣೆ ಹಾಕಿ 0.12ಕ್ಕೆ ಇಳಿಸಿದ್ರೆ 4 ಪರ್ಸೆಂಟ್ ಸಹ ಇಲ್ಲ. ಅದೇ ಪಿನ್ನಿಗೆ 200 ಮಿಲಿ ರಾಟೆ ಹಾಕಿದ್ರೆ ಎಣ್ಣೆ ಇಲ್ಲದೆಯೂ ನಷ್ಟ ಅರ್ಧಕ್ಕೆ ಅರ್ಧ! ದೊಡ್ಡ ರಾಟೆಯಲ್ಲಿ ಹಗ್ಗ ಬಗ್ಗುವ ತೊಂದರೆಯೂ ಕಮ್ಮಿ, ಎಣ್ಣೆ ಹಾಕಿದ ಮೇಲೂ ಉಳಿಯುವ ನಷ್ಟದಲ್ಲಿ ಹಗ್ಗದ ಬಿರುಸಿನ ಪಾಲು ಉಂಟು. ಈ ಸೂತ್ರದಲ್ಲಿ ಪಿನ್ನಿನ ಉದ್ದ ಎಲ್ಲೂ ಇಲ್ಲ ಗಮನಿಸಿ. 1699ರಲ್ಲೇ ಫ್ರಾನ್ಸಿನ ಅಮೊಂಟನ್ ಹೇಳಿದ್ದು ಅದನ್ನೇ, ಘರ್ಷಣೆ ಭಾರವನ್ನು ನೋಡ್ತದೆ, ತಾಗುವ ಜಾಗದ ಅಗಲವನ್ನು ಅಲ್ಲ. ಅಗಲ ಬುಶ್ ಹಾಕಿದ್ರೆ ಸವೆತ ನಿಧಾನ ಆಗ್ತದೆ ಅಷ್ಟೇ, ಎಳೆಯುವ ಭಾರ ಇಳಿಯುದಿಲ್ಲ.

ಮರದ ದಿಮ್ಮಿ ಎತ್ತಲಿಕ್ಕೆ ನಾಲ್ಕು ಚಕ್ರದ ಕಪ್ಪಿ ಕಟ್ಟುವವರು ನೋಡಿ, ಒಂದೊಂದು ಚಕ್ರ 90 ಪರ್ಸೆಂಟ್ ಆದ್ರೂ ನಾಲ್ಕೂ ಸೇರಿ 77ರ ಆಸುಪಾಸಿಗೆ ಇಳಿತದೆ. ಹಾಗಾಗಿ ಜಾಸ್ತಿ ಚಕ್ರ ಇದ್ದಷ್ಟು ಪ್ರತಿಯೊಂದೂ ನಯ ಇರ್ಬೇಕು.

ತಿರುಗುವ ಯಾವುದಕ್ಕೂ ಎರಡು ಟೆಸ್ಟ್

ಎಲ್ಲ ಕಡೆ ತಕ್ಕಡಿ ಸಿಕ್ಕಿಸ್ಲಿಕ್ಕೆ ಆಗುದಿಲ್ಲ. ಆಗ ಒಂದು, ಬಿಟ್ಟು ನೋಡುವ ಟೆಸ್ಟ್. ಸೈಕಲ್ ಚಕ್ರ, ಹೊಲಿಗೆ ಮಷೀನಿನ ಚಕ್ರ, ಬೆಲ್ಟ್ ತೆಗೆದ ಗ್ರೈಂಡರ್ ಪುಲ್ಲಿ, ಯಾವುದನ್ನೂ ಕೈಯಿಂದ ತಿರುಗಿಸಿ ಬಿಟ್ಟು ನಿಲ್ಲಲಿಕ್ಕೆ ಎಷ್ಟು ಸೆಕೆಂಡ್ ಬೇಕು ಅಂತ ಮೊಬೈಲಲ್ಲಿ ವೀಡಿಯೊ ಮಾಡಿ ಇಟ್ಕೊಳ್ಳಿ, ಸರ್ವಿಸ್ ಮಾಡಿದ ಮೇಲೆ ಅಷ್ಟೇ ಜೋರು ತಿರುಗಿಸಿ ಹೋಲಿಸಿ. ಮೆಲ್ಲ ನಿಲ್ಬೇಕು, ಕೊನೆಗೆ ಗಕ್ಕನೆ ನಿಂತ್ರೆ ಎಲ್ಲೋ ಉಜ್ಜುತಾ ಉಂಟು. ಸೀಲಿಂಗ್ ಫ್ಯಾನಿಗೆ ಇದು ಅರ್ಧ ಮಾತ್ರ ನಿಜ, ಜೋರು ತಿರುಗುವಾಗ ಅದನ್ನು ಹಿಡಿಯುದು ಗಾಳಿ, ಬೇರಿಂಗಿನ ಕತೆ ಗೊತ್ತಾಗುದು ಕೊನೆಯ ನಿಧಾನದ ಸುತ್ತುಗಳಲ್ಲಿ.

ಇನ್ನೊಂದು, ಬಿಸಿ. ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, ಪೂರ್ತಿ ನಿಂತ ಮೇಲೆ ಬೇರಿಂಗಿನ ಹೊರಮೈಗೆ ಕೈ ಇಡಿ. ಐದು ಸೆಕೆಂಡ್ ಇಡ್ಲಿಕ್ಕೆ ಆಗದಿದ್ರೆ ಹೆಚ್ಚುಕಮ್ಮಿ 60 ಡಿಗ್ರಿ ದಾಟಿದೆ ಅಂತ ಲೆಕ್ಕ. ಆಗ ಇನ್ನಷ್ಟು ಗ್ರೀಸ್ ತುಂಬುದು ಅಲ್ಲ! ಬೇರಿಂಗಿನ ಒಳಗಿನ ಖಾಲಿ ಜಾಗದ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ಸಾಕು, ಗಿಡಿದು ತುಂಬಿದ್ರೆ ಬಾಲ್‌ಗಳು ಗ್ರೀಸನ್ನೇ ಕಡೆದು ಕಡೆದು ಅದರಿಂದಲೇ ಬಿಸಿ ಏರ್ತದೆ.

ಬೆಲ್ಟ್: ಇಲ್ಲಿ ಘರ್ಷಣೆ ಬೇಕು

ಹಿಟ್ಟಿನ ಗಿರಣಿ, ಎಣ್ಣೆ ಮಿಲ್, ಹಳೇ ಡೀಸೆಲ್ ಪಂಪು, ಎಲ್ಲ ಕಡೆ ವಿ-ಬೆಲ್ಟ್. ಬೆಲ್ಟ್ ಪುಲ್ಲಿಯನ್ನು ಕಚ್ಚಿ ಹಿಡಿಯುದೇ ಘರ್ಷಣೆಯಿಂದ, ಹಾಗಾಗಿ ಕಿರಿಚಿತು ಅಂತ ಬೆಲ್ಟಿಗೆ ಎಣ್ಣೆ, ಗ್ರೀಸ್ ಮುಟ್ಟಿಸ್ಬೇಡಿ. ಹೊಸತಾಗಿ ಸರಿ ಬಿಗಿದ ವಿ-ಬೆಲ್ಟ್ 95ರಿಂದ 98 ಪರ್ಸೆಂಟ್ ಶಕ್ತಿ ದಾಟಿಸ್ತದೆ, ಸಡಿಲ ಬಿಟ್ರೆ ಜಾರಿ ಜಾರಿ ಸುಮಾರು 5 ಪರ್ಸೆಂಟ್ ಇಳಿತದೆ. ಮೇನ್ ಸ್ವಿಚ್ ಆಫ್ ಮಾಡಿ ಫ್ಯೂಸ್ ತೆಗೆದು ಕಿಸೆಗೆ ಹಾಕ್ಕೊಳ್ಳಿ (ಮತ್ಯಾರೋ ಬಂದು ಆನ್ ಮಾಡುದು ಬೇಡ), ಮುಂಡಿನ ತುದಿ, ಶಾಲು, ಸೆರಗು ಎಲ್ಲ ಕಟ್ಕೊಳ್ಳಿ, ಆಮೇಲೆ ಎರಡು ಪುಲ್ಲಿಯ ನಡುವೆ ಬೆಲ್ಟ್ ಒತ್ತಿ ನೋಡಿ. ಎರಡರ ನಡುವೆ ಒಂದು ಮೀಟರ್ ಇದ್ರೆ ಸುಮಾರು 16 ಮಿಲಿ ಬಗ್ಗಿದ್ರೆ ಸರಿ. ಅದಕ್ಕಿಂತ ಬಿಗಿ ಮಾಡಿದ್ರೆ ಜಾರುದಿಲ್ಲ ನಿಜ, ಆದ್ರೆ ಬೇರಿಂಗಿಗೆ ಭಾರ ಬಿದ್ದು ಅಲ್ಲಿ ಘರ್ಷಣೆ ಏರ್ತದೆ. ಬೆಲ್ಟಿನ ಅಡಿ ಪುಲ್ಲಿಯ ತೋಡಿನ ತಳಕ್ಕೆ ತಾಗಿ ಹೊಳೆಯುತಾ ಇದ್ರೆ ಒಂದೋ ಬೆಲ್ಟ್, ಇಲ್ಲದಿದ್ರೆ ಪುಲ್ಲಿ ಮುಗಿದಿದೆ, ಹಿಡಿತ ಬರ್ಬೇಕಾದ್ದು ಎರಡು ಬದಿಗಳಿಂದ.

ಪಂಪು ಮತ್ತು ಪೈಪು: ದುಡ್ಡು ಇರುದು ಇಲ್ಲಿ

ಬಾವಿಯಿಂದ ಟ್ಯಾಂಕಿಗೆ ನೀರು ಹಾಕುವ ಮನೆಯ ಪಂಪನ್ನು ಅಳೆಯುವ ಕ್ರಮ ಹೇಳ್ತೇನೆ. 200 ಲೀಟರ್ ಡ್ರಮ್ಮನ್ನು ಪೈಪಿನ ಮೇಲಿನ ತುದಿಯಲ್ಲಿ, ಟ್ಯಾಂಕಿನ ಎತ್ತರದಲ್ಲೇ ಇಟ್ಟು ತುಂಬಲಿಕ್ಕೆ ಎಷ್ಟು ಸೆಕೆಂಡ್ ನೋಡಿ. ಆ ಎತ್ತರದಲ್ಲಿ ಡ್ರಮ್ ಇಡ್ಲಿಕ್ಕೆ ಜಾಗ ಇಲ್ಲದಿದ್ರೆ ಬಕೆಟ್ ಆದ್ರೂ ಸಾಕು. ಬಾವಿಯ ನೀರಿನ ಮಟ್ಟದಿಂದ ಪೈಪಿನ ಬಾಯಿವರೆಗೆ ಎತ್ತರ ಹಗ್ಗದಲ್ಲಿ ಅಳಿರಿ. ಮನೆಯ ಬೇರೆಲ್ಲ ಆಫ್ ಮಾಡಿ, ಮೆಸ್ಕಾಂನ ಕರೆಂಟು ಮೀಟರಲ್ಲಿ ಮಿನುಗುವ ಸಣ್ಣ ಕೆಂಪು ಲೈಟ್ ನೋಡಿ, ಪಕ್ಕದಲ್ಲಿ ಒಂದು ಯುನಿಟಿಗೆ ಎಷ್ಟು ಮಿನುಗು ಅಂತ ಬರ್ದಿರ್ತದೆ. 1600 ಅಂತ ಇದ್ದು, 10 ಮಿನುಗಿಗೆ 18 ಸೆಕೆಂಡ್ ಹಿಡಿದ್ರೆ ಪಂಪು ಎಳೆಯುದು 1250 ವ್ಯಾಟ್. ಡ್ರಮ್ 125 ಸೆಕೆಂಡಲ್ಲಿ ತುಂಬಿದ್ರೆ ಸೆಕೆಂಡಿಗೆ 1.6 ಲೀಟರ್, ಎತ್ತರ 18 ಮೀಟರ್ ಆದ್ರೆ ನೀರಿಗೆ ಸಿಕ್ಕಿದ ಶಕ್ತಿ 1.6 ಗುಣಿಸು 9.81 ಗುಣಿಸು 18, ಸುಮಾರು 282 ವ್ಯಾಟ್. ಅಂದ್ರೆ 22-23 ಪರ್ಸೆಂಟ್!

ಇದನ್ನು ನೋಡಿ ಬೇಜಾರು ಮಾಡ್ಬೇಡಿ, ಉಳಿದದ್ದೆಲ್ಲ ಬೇರಿಂಗಿನ ಘರ್ಷಣೆಗೆ ಹೋದದ್ದೂ ಅಲ್ಲ. ಮೋಟಾರಿನ ತಾಮ್ರದ ಸುತ್ತಿನಲ್ಲಿ ಬಿಸಿ ಆಗಿ ಸ್ವಲ್ಪ, ಇಂಪೆಲ್ಲರ್ (ಪಂಪಿನೊಳಗೆ ತಿರುಗುವ ರೆಕ್ಕೆಯ ಚಕ್ರ) ಒಳಗೆ ನೀರು ಸುಳಿ ತಿರುಗಿ ಸ್ವಲ್ಪ, ಪೈಪಲ್ಲಿ ಸ್ವಲ್ಪ. ದಕ್ಷತೆಗಳು ಕೂಡುದಲ್ಲ, ಒಂದಕ್ಕೊಂದು ಗುಣಿಸಿಕೊಳ್ತವೆ, ಇಡೀ ವಿಷಯದ ಕೀಲಿ ಇರುದು ಇಲ್ಲಿ. ಬೆಲ್ಟಲ್ಲಿ ಓಡುವ ತೋಟದ ಪಂಪು ತಗೊಳ್ಳಿ, ಮೋಟಾರ್ 75, ಬೆಲ್ಟ್ 93, ಪಂಪು 50, ಪೈಪು 70 ಅಂತ ಇದ್ರೆ ಒಟ್ಟು 24 ಪರ್ಸೆಂಟ್. ಇಡೀ ದಿನ ಬೆಲ್ಟಿನ ಹಿಂದೆ ಬಿದ್ದು 93ನ್ನು 97 ಮಾಡಿದ್ರೆ ಒಟ್ಟು 25ಕ್ಕೆ ಬಂತು, ಅಷ್ಟೇ. ಪೈಪಿನ 70ನ್ನು 90 ಮಾಡಿದ್ರೆ 31! ಹಾಗಾಗಿ ಕೈ ಹಾಕುವ ಮೊದಲು ಅತೀ ಕಮ್ಮಿ ಯಾವುದು, ಅದರಲ್ಲಿ ಸುಲಭಕ್ಕೆ ಸರಿ ಮಾಡ್ಲಿಕ್ಕೆ ಆಗುದು ಯಾವುದು ಅಂತ ಹುಡುಕಿ.

ಪೈಪಿನ ಘರ್ಷಣೆ ಎಷ್ಟು ಕ್ರೂರ ಅಂದ್ರೆ ಒಳ ವ್ಯಾಸ ಅರ್ಧ ಆದ್ರೆ ಅಷ್ಟೇ ನೀರಿಗೆ ನಷ್ಟ 29 ಪಟ್ಟು ಆಗ್ತದೆ. ಸೆಕೆಂಡಿಗೆ 2 ಲೀಟರ್ ನೀರು 100 ಮೀಟರ್ ದೂರದ ಅಡಿಕೆ ತೋಟಕ್ಕೆ ಹೋಗ್ಬೇಕು, ಒಳ ವ್ಯಾಸ 38 ಮಿಲಿ ಇರುವ ನಯ ಪಿವಿಸಿ ಪೈಪಲ್ಲಿ ಸುಮಾರು 8-9 ಮೀಟರ್ ಎತ್ತರದಷ್ಟು ಒತ್ತಡ ಬರೀ ಉಜ್ಜಾಟಕ್ಕೆ ಹೋಗ್ತದೆ, 50 ಮಿಲಿ ಆದ್ರೆ ಎರಡೂವರೆ ಮೀಟರ್ ಸಾಕು. ಸಣ್ಣ ಪೈಪು ಹಾಕಿದ್ರೆ ಸಪಾಟಾದ ತೋಟದಲ್ಲಿಯೂ ನೀವು ಎರಡು ಮಾಳಿಗೆ ಎತ್ತರಕ್ಕೆ ನೀರು ಹಾಕಿದಷ್ಟು ಕರೆಂಟು ಸುಡ್ತಾ ಇದ್ದೀರಿ. ಹತ್ತು ಎಚ್‌ಪಿವರೆಗಿನ ಕೃಷಿ ಪಂಪಿಗೆ ಬಿಲ್ಲು ಇಲ್ಲ ಅಂತ ಇದನ್ನು ಬಿಡುವವರು ಉಂಟು, ಆದ್ರೆ ಬೇಸಿಗೆಯಲ್ಲಿ ತ್ರೀಫೇಸ್ ಸಿಗುವ ಗಂಟೆಗಳೇ ಲೆಕ್ಕ, ಆ ಗಂಟೆಯೊಳಗೆ ಸಸಿಯ ಬುಡಕ್ಕೆ ಎಷ್ಟು ನೀರು ಮುಟ್ಟಿತು ಅನ್ನುದು ಪೈಪಿನ ಮೇಲೆ ನಿಂತಿದೆ. ಎಲ್ಬೋ ಆದಷ್ಟು ಕಮ್ಮಿ ಮಾಡಿ, ತಿರುವು ಬೇಕಾದಲ್ಲಿ ಉದ್ದ ಬೆಂಡ್ ಹಾಕಿ, ಫುಟ್‌ವಾಲ್ವಿನ (ಬಾವಿಯೊಳಗಿನ ಪೈಪಿನ ತುದಿಯ ವಾಲ್ವ್) ಜಾಲರಿಯಲ್ಲಿ ಕೂತ ಎಲೆ, ಪಾಚಿ ತೆಗಿರಿ. ಹಳೇ ಜಿಐ (ಸತು ಲೇಪದ ಕಬ್ಬಿಣ) ಪೈಪಿನ ಒಳಗೆ ತುಕ್ಕು ಕಟ್ಟಿ ತೂತು ಸಣ್ಣ ಆಗಿದ್ರೆ ಅದಕ್ಕೆ ಮದ್ದಿಲ್ಲ, ಬದಲಾಯಿಸುದೇ.

ಗ್ಲ್ಯಾಂಡ್ (ತಿರುಗುವ ಶಾಫ್ಟ್ ಹೊರಗೆ ಬರುವಲ್ಲಿ ಪ್ಯಾಕಿಂಗ್ ತುಂಬಿದ ಜಾಗ) ಇರುವ ಹಳೇ ಪಂಪಲ್ಲಿ ಹನಿ ಹನಿ ನೀರು ಸೋರ್ತದೆ ಅಂತ ನಟ್ಟು ಬಿಗಿದು ಪೂರ್ತಿ ಬಂದ್ ಮಾಡುವವರಿಗೆ ಒಂದು ಮಾತು: ಆ ಹನಿಯೇ ಶಾಫ್ಟಿಗೆ ಎಣ್ಣೆಯೂ ಹೌದು, ತಂಪೂ ಹೌದು. ಬಂದ್ ಮಾಡಿದ್ರೆ ಪ್ಯಾಕಿಂಗ್ ಸುಟ್ಟು ಶಾಫ್ಟಲ್ಲಿ ತೋಡು ಬೀಳ್ತದೆ. ಧಾರೆ ಆಗ್ಬಾರ್ದು, ಹನಿ ನಿಲ್ಲಲೂಬಾರ್ದು.

ನೀರಿನ ಉಜ್ಜಾಟ ಪೈಪಲ್ಲಿ ಮಾತ್ರ ಅಲ್ಲ. ಮಲ್ಪೆಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುವಾಗ ಬೋಟಿನ ಅಡಿ ಕೆರೆಸಿ ಪೈಂಟ್ ಹೊಡಿತಾರೆ ಅಲ್ವಾ, ಅಡಿಗೆ ಹಿಡಿದ ಚಿಪ್ಪು, ಪಾಚಿಯಿಂದ ಮೈ ಒರಟಾಗಿ ನೀರು ಹಿಡಿದು ಎಳಿತದೆ, ಅಷ್ಟೇ ದೂರಕ್ಕೆ ಡೀಸೆಲ್ ಜಾಸ್ತಿ ಬೇಕಾಗ್ತದೆ. ಕಪ್ಪಿಯ ಪಿನ್ನಿಗೆ ಗ್ರೀಸ್ ಹಾಕಿದವರು ಬೋಟಿನ ಅಡಿಯನ್ನು ಮರೆತ್ರೆ ಪ್ರಯೋಜನ ಇಲ್ಲ.

ಸೈಕಲ್ ಚೈನು ಚುಟುಕಾಗಿ. ಕ್ಲೀನ್ ಇದ್ದು ಎಣ್ಣೆ ಇರುವ ಚೈನು 98 ಪರ್ಸೆಂಟಿನವರೆಗೂ ಶಕ್ತಿ ದಾಟಿಸ್ತದೆ, ಮನುಷ್ಯ ಮಾಡಿದ ಬಹಳ ಒಳ್ಳೆ ಮಷೀನ್‌ಗಳಲ್ಲಿ ಅದೊಂದು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಒಂದೊಂದು ರೋಲರಿಗೆ ಒಂದು ಹನಿ, ಹತ್ತು ನಿಮಿಷ ಬಿಟ್ಟು ಹೊರಗಿನದ್ದು ಒರೆಸಿ ಬಿಡಿ, ಒರೆಸದಿದ್ರೆ ಕಡಲ ಬದಿಯ ಮರಳೆಲ್ಲ ಅಂಟಿ ಅರೆಯುವ ಪೇಸ್ಟ್ ಆಗ್ತದೆ. 24 ಕೊಂಡಿ ಅಳೆದ್ರೆ 304.8 ಮಿಲಿ ಇರ್ಬೇಕು, 308 ಆದ್ರೆ ಚೈನು ಬದಲಾಯಿಸಿ.

ಎಣ್ಣೆ ಮುಟ್ಟಿಸಬಾರದ ಜಾಗ

ಬ್ರೇಕ್ ಶೂ, ಕ್ಲಚ್ ಪ್ಲೇಟ್, ಬೆಲ್ಟಿನ ಮೈ, ತೆಂಗಿನ ಮರ ಹತ್ತುವ ಯಂತ್ರದ ಹಿಡಿತದ ರಬ್ಬರ್ ಮತ್ತು ತಂತಿ. ಆ ಯಂತ್ರ ಮರವನ್ನು ಹಿಡಿದು ನಿಲ್ಲುದೇ ಘರ್ಷಣೆಯಿಂದ, ಮಳೆಗೆ ಪಾಚಿ ಹಿಡಿದು ಒದ್ದೆ ಆದ ಮರಕ್ಕೆ ಹತ್ತುದೇ ಬೇಡ. ಕಾರಿನ ಸ್ಕ್ರೂ ಜಾಕ್ ಕೂಡ ಹಾಗೇ, ಹ್ಯಾಂಡಲ್ ಬಿಟ್ರೂ ಕಾರು ತನ್ನಷ್ಟಕ್ಕೆ ಇಳಿಯದೆ ನಿಲ್ಲುದು ಅದರ ದಕ್ಷತೆ 50 ಪರ್ಸೆಂಟಿಗಿಂತ ಕಮ್ಮಿ ಇರುವ ಕಾರಣ, ಬೇಕಂತಲೇ ಹಾಗೆ ಮಾಡಿದ್ದು.

ಯಾವಾಗ ಮಾಡುದು

ವರ್ಷಕ್ಕೆ 3,500 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಊರು, ಮೇಲೆ ಉಪ್ಪಿನ ಗಾಳಿ, ಉಳ್ಳಾಲ, ಕಾಪು, ಮಲ್ಪೆ ಕಡಲ ಬದಿಯವರಿಗೆ ಕಬ್ಬಿಣ ಕಣ್ಣೆದುರೇ ತುಕ್ಕು ಹಿಡಿತದೆ. ಪತ್ತನಾಜೆ (ಮೇ ಕೊನೆಗೆ ಬರುವ ತುಳುನಾಡಿನ ವಿಶೇಷ ದಿನ) ಕಳೆದ ಕೂಡಲೇ, ಮಳೆ ಹಿಡಿಯುವ ಮೊದಲು ರಾಟೆ, ಚೈನು, ಮಳೆಗಾಲಕ್ಕೆ ನಿಲ್ಲಿಸುವ ತೋಟದ ಪಂಪು ಎಲ್ಲದಕ್ಕೂ ಒಂದು ಕೈ ನೋಡಿ, ನಿಲ್ಲಿಸಿದ ಪಂಪಿನ ಶಾಫ್ಟನ್ನು ತಿಂಗಳಿಗೊಮ್ಮೆ ಕೈಯಿಂದ ನಾಲ್ಕು ಸುತ್ತು ತಿರುಗಿಸಿ, ಇಲ್ಲದಿದ್ರೆ ಇಂಪೆಲ್ಲರ್ ಜಾಮ್ ಆಗ್ತದೆ. ಮಳೆ ಬಿಟ್ಟ ಮೇಲೆ ಆಯುಧ ಪೂಜೆಗೆ ಹೇಗೂ ಎಲ್ಲ ತೊಳಿತೀರಿ, ಗಂಧ ಹಚ್ಚುವ ಮೊದಲು ತಕ್ಕಡಿ ಸಿಕ್ಕಿಸಿ ಎಳೆದು, ಡ್ರಮ್ ತುಂಬುವ ಸೆಕೆಂಡ್ ಎಣಿಸಿ, ತಾರೀಕು ಹಾಕಿ ಪಂಪುಶೆಡ್ಡಿನ ಗೋಡೆಯಲ್ಲೇ ಇದ್ದಿಲಿಂದ ಬರ್ದಿಡಿ. ಬರುವ ವರ್ಷ ಅದೇ ಡ್ರಮ್ಮಿಗೆ ಇಪ್ಪತ್ತು ಸೆಕೆಂಡ್ ಜಾಸ್ತಿ ಹಿಡಿದ್ರೆ ಮೊದಲು ಬಾವಿಯ ನೀರಿನ ಮಟ್ಟ ಅಷ್ಟೇ ಉಂಟಾ ನೋಡಿ, ಮತ್ತೆ ಫುಟ್‌ವಾಲ್ವ್, ಮತ್ತೆ ಪೈಪು, ಅದೆಲ್ಲ ಸರಿ ಇದ್ದು ಶಾಫ್ಟ್ ಬಿಸಿ ಇದ್ರೆ ಮಾತ್ರ ಬೇರಿಂಗ್ ಬಿಚ್ಚಿ.